ಬರ್ಬೋಜರ ಶ್ವಾಸಕೋಶ

ಸುಳ್ಳು ಹೇಳುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಕೊಡಿಯಾಲ್‌ಬೈಲಿನ ಸೈಮನ್ ಬರ್ಬೋಜರಿಗೆ ಅದು ಇರಲಿಲ್ಲ. ಹಂಚಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಪತ್ರ ಬರೆದ ಮನುಷ್ಯ ಅವರು. 'ತಮ್ಮ ಪತ್ರ ತಲುಪಿತು' ಎಂದು ಬರೆಯಬೇಕಾದರೂ ಪತ್ರ ನಿಜವಾಗಿ ತಲುಪಿದೆಯೇ ಎಂದು ಎರಡು ಸಲ ಎದ್ದು ನೋಡಿ ಬರುತ್ತಿದ್ದರು. ಅಂಥವರು ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಸುಳ್ಳು ಹೇಳಿದರು. ಸಣ್ಣ ಸುಳ್ಳಿನಿಂದ ಆರಂಭಿಸಿ ಮೆಲ್ಲಗೆ ಮೇಲೇರಬೇಕೆಂಬ ವಿವೇಕ ಅವರಿಗೆ ಹೊಳೆಯಲಿಲ್ಲ. ಮೊದಲನೆಯದೇ ಒಂದೂವರೆ ಅಡಿ ಉದ್ದದ, ಮೂರು ಅಂತಸ್ತಿನ, ಎರಡು ಲಂಗರುಗಳಿದ್ದ ಸುಳ್ಳು.

ಅದು ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ. ಮಳೆಗಾಲ ಆಗ ತಾನೇ ಮುಗಿದಿತ್ತು. ಬರ್ಬೋಜರ ಒಬ್ಬಳೇ ಮಗಳು ಎವ್ಲಿನ್‌ಗೆ ಕದ್ರಿಯಿಂದ ಸಂಬಂಧ ಬಂದಿತ್ತು. ಹುಡುಗ ಮೊರಿಸ್ ಬೊಂಬಾಯಿಯಲ್ಲಿ ವಿಮಾ ಕಂಪೆನಿಯ ನೌಕರ. ಎವ್ಲಿನ್ ಅವನನ್ನು ಯಾರದೋ ಮದುವೆಯಲ್ಲಿ ನೋಡಿ ಮಾತಾಡಿದ್ದಳು. 'ನಿನಗೆ ಒಪ್ಪಿಗೆಯಾ?' ಎಂದು ತಾಯಿ ಒಲಿಂಡಾ ಕೇಳಿದಾಗ, ಒಂದನೇ ತರಗತಿಯ ಮಕ್ಕಳನ್ನು ಕಣ್ಣಿನಲ್ಲೇ ಹೆದರಿಸುವ ಆ ಟೀಚರು ನೆಲ ನೋಡಿ, 'ಪಪ್ಪಾ ಹೇಳಿದ ಹಾಗೆ' ಎಂದುಬಿಟ್ಟಳು. ಹಾಗಾಗಿ ಈ ಸಂಬಂಧ ಕೂಡಿಬರಲೇಬೇಕು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಹುಡುಗನ ತಂದೆ ಆಂಬ್ರೋಸ್ ರೇಗೊ ಮನೆ ನೋಡಲು ಬಂದರು. ಇಪ್ಪತ್ತೆರಡು ವರ್ಷ ಹಡಗಿನಲ್ಲಿ ದುಡಿದು ಊರಿಗೆ ಮರಳಿದವರು. ಕಡಿಮೆ ಮಾತು, ದಪ್ಪ ಮೀಸೆ. ಚಾವಡಿಯ ಕಪಾಟಿನ ಮೇಲಿದ್ದ ಪ್ಲಾಸ್ಟಿಕ್ ಹಡಗಿನ ಮುಂದೆ ಅವರು ನಿಂತುಬಿಟ್ಟರು. ಒಲಿಂಡಾಳ ತಮ್ಮ ಆರ್ಥರ್, ಅವನೂ ಹಡಗಿನಲ್ಲಿರುವವನೇ, ರಜೆಗೆ ಬಂದಾಗ ತುಂಡು ತುಂಡು ಅಂಟಿಸಿ ಜೋಡಿಸಿದ್ದು ಅದು. ಬಣ್ಣ ಹಾಕುವಷ್ಟರಲ್ಲಿ ರಜೆ ಮುಗಿದು, ಹಡಗನ್ನೂ ಬಣ್ಣ ಹಾಕುವ ಸಾಧನವನ್ನೂ ಭಾವನ ಮನೆಯಲ್ಲೇ ಬಿಟ್ಟು ಹೋಗಿದ್ದ.

"ಇದು ಯಾರು ಮಾಡಿದ್ದು ಸೈಮನಾಬ್?" ಎಂದರು ಆಂಬ್ರೋಸರು.

"ನಾನು," ಎಂದರು ಬರ್ಬೋಜರು.

ಒಳಗೆ ಒಲಿಂಡಾಳ ಕೈಯಿಂದ ಚಮಚ ಬಿದ್ದ ಸದ್ದಾಯಿತು.

"ನಮ್ಮ ಹಡಗಿನ ಹಾಗೆಯೇ ಉಂಟು ಮಾರಾಯ್ರೆ!" ಆಂಬ್ರೋಸರ ಮೀಸೆ ನಡುಗಿತು. "ಬಣ್ಣ ಯಾಕೆ ಹಾಕಿಲ್ಲ?"

"ಇದಕ್ಕೆ ಕುಂಚದಲ್ಲಿ ಬಳಿದರೆ ಆಗುದಿಲ್ಲ. ಏರ್‌ಬ್ರಷ್ ಅಂತ ಉಂಟು. ಗಾಳಿಯಲ್ಲಿ ಬಣ್ಣ ಬಿಡುದು. ನಾನು ಅದರಲ್ಲೇ ಹಾಕುದು."

"ಕೆಳಗೆ ಕೆಂಪು, ಮೇಲೆ ಕಪ್ಪು, ಹೊಗೆಕೊಳವೆಗೆ ಒಂದು ಹಳದಿ ಪಟ್ಟಿ. ನಮ್ಮದು ಹಾಗಿತ್ತು," ಎಂದರು ಆಂಬ್ರೋಸರು, ಕಣ್ಣು ಒದ್ದೆ ಮಾಡಿಕೊಂಡು.

"ಮುಂದಿನ ತಿಂಗಳು ಇಪ್ಪತ್ತನೇ ತಾರೀಕು ಮಾತು ಕೊಡ್ಲಿಕ್ಕೆ ಬರ್ತೀರಲ್ಲ, ಆಗ ಅದೇ ಬಣ್ಣ ಹಾಕಿ ನಿಮ್ಮ ಕೈಗೇ ಕೊಡ್ತೇನೆ."

"ಕೊಟ್ಟರೆ ನನಗೆ ಬೇರೆ ಎಂತದೂ ಬೇಡ," ಎಂದು ಆಂಬ್ರೋಸರು ಅವರ ಎರಡೂ ಕೈ ಹಿಡಿದುಕೊಂಡರು.

ಅವರು ಹೋದ ಮೇಲೆ ಒಲಿಂಡಾ ಸೊಂಟಕ್ಕೆ ಕೈ ಇಟ್ಟು ನಿಂತಳು. "ನಿಮಗೆ ಎಂತ ತಲೆ ಕೆಟ್ಟಿದಾ? ಮನೆಯ ಕಿಟಕಿಗೆ ಬಣ್ಣ ಬಳಿಯಲಿಕ್ಕೆ ಹೋಗಿ ಬೆಕ್ಕಿಗೆ ಬಳಿದವರು ನೀವು!"

"ಮಾತು ಕೊಟ್ಟಾಯಿತು. ಇನ್ನು ನಾನು ಹಾಕಿದರೆ ಅರ್ಧವಾದರೂ ನಿಜ ಆಗ್ತದೆ. ಆ ತನಕ ಒಬ್ಬರಿಗೂ ಹೇಳ್ಲಿಕ್ಕಿಲ್ಲ. ಇಬ್ಬರೂ ಶಿಲುಬೆ ಮುಟ್ಟಿ ಆಣೆ ಹಾಕಿ," ಎಂದರು ಬರ್ಬೋಜರು. ತಾಯಿ ಮಗಳು ಆಣೆ ಹಾಕಿದರು. ಮುಂದಿನ ಅನಾಹುತಗಳಿಗೆಲ್ಲ ಈ ಆಣೆಯೇ ಕಾರಣ ಎಂದು ಇತಿಹಾಸ ಬರೆಯುವವರು ಗಮನಿಸಬೇಕು.

ಮರುದಿನ ಬರ್ಬೋಜರು ಏರ್‌ಬ್ರಷ್ಷಿನ ಪೆಟ್ಟಿಗೆಯನ್ನು ಕೊಡೆಯೊಳಗೆ ಅಡಗಿಸಿಕೊಂಡು ಹಂಪನಕಟ್ಟೆಯ ಒಂದು ಫೋಟೊ ಸ್ಟುಡಿಯೊಗೆ ಹೋದರು. ಅಲ್ಲಿ ಜಯ ಎಂಬವನು ಫೋಟೊಗಳಿಗೆ ಬಣ್ಣ ಕೊಡುವ ಕಲಾವಿದ. ತೀರಿಹೋದವರ ಮಾಸಿದ ಫೋಟೊ ತಂದುಕೊಟ್ಟರೆ, ಬದುಕಿದ್ದಾಗಲೂ ಇರದಷ್ಟು ಆರೋಗ್ಯವನ್ನು ಅವರ ಕೆನ್ನೆಗೆ ತುಂಬಿ ಕೊಡುತ್ತಿದ್ದ. ಆ ಆರೋಗ್ಯವೆಲ್ಲ ಏರ್‌ಬ್ರಷ್ಷಿನಿಂದಲೇ ಬರುತ್ತಿತ್ತು. ಪೆಟ್ಟಿಗೆ ತೆರೆದು ಅವನು ಸಿಳ್ಳೆ ಹಾಕಿದ. ದಪ್ಪ ಪೆನ್ನಿನಷ್ಟು ದೊಡ್ಡ ಉಕ್ಕಿನ ಸಾಧನ, ಪಕ್ಕದಲ್ಲಿ ಬಣ್ಣಕ್ಕೆ ಹೆಬ್ಬೆರಳಿನಷ್ಟು ಬಟ್ಟಲು, ಮೇಲೆ ಒತ್ತುವ ಗುಂಡಿ, ಒಳಗೆ ಉದ್ದಕ್ಕೆ ಒಂದು ಸೂಜಿ.

"ಒಳ್ಳೇ ಮಾಲು ಪೊರ್ಬುಳೇ. ಆದರೆ ಇದು ಮದುಮಗಳ ಹಾಗೆ, ಸ್ವಲ್ಪ ಹೆಚ್ಚುಕಮ್ಮಿ ಆದರೂ ಮುಖ ತಿರುಗಿಸ್ತದೆ," ಎಂದ ಜಯ, ಊರವರು ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುವ ಹಾಗೆಯೇ ಕರೆದು. "ಬಣ್ಣ ಹಾಲಿನಷ್ಟು ತೆಳ್ಳಗೆ ಇರಬೇಕು. ಐದು ನಿಮಿಷ ಕೆಲಸ ಮಾಡಿದರೆ ಹದಿನೈದು ನಿಮಿಷ ತೊಳೀಬೇಕು. ಮೊದಲು ಟರ್ಪೆಂಟೈನ್ ಬಿಟ್ಟು ತೊಳೆಯಿರಿ. ಮತ್ತೆ ಸೂಜಿ ಎಳೆದು ತೆಗೆದು ಸ್ಪಿರಿಟಲ್ಲಿ ಒರೆಸಿ. ಒಂದು ಬೊಟ್ಟು ಒಳಗೆ ಒಣಗಿದರೂ ತೂತು ಬಂದ್. ಬಂದ್ ಆದರೆ ಬಾಯಿ ಹಾಕಿ ಊದಬೇಡಿ, ಚೀಪಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ."

ಬರ್ಬೋಜರು ಇಷ್ಟನ್ನೂ ಕಚೇರಿಯ ಅಕ್ಷರದಲ್ಲಿ ಬರೆದುಕೊಂಡರು. "ಗಾಳಿ ಎಲ್ಲಿಂದ?"

"ನಮ್ಮಲ್ಲಿ ಪಂಪ್ ಉಂಟು, ಹೊರಗೆ ಕೊಡುದಿಲ್ಲ. ನಿಮಗೆ ಕಾರಿನ ಸ್ಟೆಪ್ನಿ ಸಾಕು. ಅದರ ಬಾಯಿಗೆ ರಬ್ಬರ್ ಪೈಪ್ ಸಿಕ್ಕಿಸಿದರೆ ಅರ್ಧ ಗಂಟೆಯ ಕೆಲಸ ಆಗ್ತದೆ."

ಕಾರೇ ಇಲ್ಲದ ಮನುಷ್ಯ ಕಾರಿನ ಹೆಚ್ಚುವರಿ ಚಕ್ರ ಹುಡುಕಿಕೊಂಡು ಹೊರಟರು. ನಾಲ್ಕು ಅಂಗಡಿ ಆಚೆ ಕಮರುದ್ದೀನ್ ಬ್ಯಾರಿಯ ಟಯರ್ ಅಂಗಡಿ ಇತ್ತು.

"ಸ್ಟೆಪ್ನಿ ಕೊಡುವ. ಕಾರು ಯಾವುದು?" ಎಂದು ಕೇಳಿದ ಕಮರುದ್ದೀನ್.

"ಕಾರು ಇಲ್ಲ."

"ತೆಗೊಳ್ತೀರಾ?"

"ಇಲ್ಲ. ಚಕ್ರ ಮಾತ್ರ ಸಾಕು. ತುಂಬ ಗಾಳಿ ಹಾಕಿ ಕೊಡಿ. ಸಂಜೆ ಮನೆಗೆ ಕೊಂಡುಹೋಗ್ತೇನೆ, ಬೆಳಿಗ್ಗೆ ಖಾಲಿ ಮಾಡಿ ತರ್ತೇನೆ. ದಿನಾ."

ಕಮರುದ್ದೀನ್ ಅವರ ಮುಖ ನೋಡಿದ. ಟಯರಿನಲ್ಲಿ ಗಾಳಿ ಉಳಿಯುವುದಿಲ್ಲ ಎಂದು ಜಗಳಕ್ಕೆ ಬರುವ ಗಿರಾಕಿಗಳನ್ನು ಅವನು ಕಂಡಿದ್ದ. ಗಾಳಿಯನ್ನು ಮನೆಗೆ ಕೊಂಡುಹೋಗಿ ಮುಗಿಸಿ ಬರುವವರನ್ನು ಕಂಡಿರಲಿಲ್ಲ. "ಅಲ್ಲ ಪೊರ್ಬುಳೇ, ಕೊಡಿಯಾಲ್‌ಬೈಲಲ್ಲಿ ಗಾಳಿ ಇಲ್ವಾ?" ಎಂದ.

"ಉಂಟು. ಅದು ಸಾಕಾಗುದಿಲ್ಲ," ಎಂದರು ಬರ್ಬೋಜರು ಗಂಭೀರವಾಗಿ.

ಕಮರುದ್ದೀನ್ ಮತ್ತೇನೂ ಕೇಳದೆ ಚಕ್ರದ ಬಾಯಿಗೆ ರಬ್ಬರ್ ಪೈಪ್, ನಡುವೆ ಒಂದು ಸಣ್ಣ ನಲ್ಲಿ ಜೋಡಿಸಿ, ಗಾಳಿ ತುಂಬಿಸಿ ಕೊಟ್ಟ. ಬಡಪಾಯಿ ಎಂದು ಅವನ ಮನಸ್ಸಿಗೆ ಅನಿಸಿತ್ತು.

ಅಂದಿನಿಂದ ದಿನಾ ಸಂಜೆ ಐದೂವರೆಗೆ, ಕೋಟು ಟೊಪ್ಪಿ ಹಾಕಿದ ಸೈಮನ್ ಬರ್ಬೋಜರು ಕಾರಿನ ಚಕ್ರವೊಂದನ್ನು ಉರುಳಿಸಿಕೊಂಡು ಹಂಪನಕಟ್ಟೆಯಿಂದ ಕೊಡಿಯಾಲ್‌ಬೈಲಿಗೆ ಬರುವ ದೃಶ್ಯ ಊರಿಗೆ ಕಾಣತೊಡಗಿತು. ಏರಿನಲ್ಲಿ ಅವರು ಏದುಸಿರು ಬಿಡುತ್ತಿದ್ದರು. ಇಳಿಜಾರಿನಲ್ಲಿ ಚಕ್ರ ಮುಂದೆ ಹೋಗಿ ಅವರು ಹಿಂದೆ ಓಡುತ್ತಿದ್ದರು, ಆಗ ಇನ್ನೂ ಹೆಚ್ಚು ಏದುಸಿರು. ಪರಿಚಯದವರು ಕೇಳಿದರೆ, "ಏನಿಲ್ಲ, ಸ್ವಲ್ಪ ದಿನದ್ದು," ಎಂದು ನಕ್ಕು ಮುಂದುವರಿಯುತ್ತಿದ್ದರು. ಆ ನಗುವಿನಲ್ಲಿ ನೋವಿದೆ ಎಂದು ಎಲ್ಲರಿಗೂ ಕಂಡಿತು. ನೋವೇನೋ ಇತ್ತು, ಆದರೆ ಅದು ಸೊಂಟದ್ದು.

ಅವರ ಒಳಕೋಣೆಯ ಕಿಟಕಿಗೆ ಎದುರಾಗಿ, ಬೇಲಿಯ ಆಚೆ ವಾರಿಜಾಕ್ಷಿಯ ಬಟ್ಟೆ ಒಗೆಯುವ ಕಲ್ಲು. ವಾರಿಜಾಕ್ಷಿ ಇಪ್ಪತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವಳು. ಡಾಕ್ಟರು ನಾಡಿ ಹಿಡಿದು ಹೇಳುವ ರೋಗವನ್ನು ಬೇಲಿ ಆಚೆಯಿಂದಲೇ ಹೇಳುವ ಪ್ರತಿಭೆ ಅವಳದು. ಮುಚ್ಚಿದ ಕಿಟಕಿಯ ಬಿರುಕಿನಲ್ಲಿ ಅವಳಿಗೆ ಕಂಡದ್ದು ಇಷ್ಟು: ನೆಲದಲ್ಲಿ ಚಕ್ರ. ಚಕ್ರದಿಂದ ರಬ್ಬರ್ ಪೈಪ್. ಪೈಪಿನ ತುದಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿ ಬಾಗಿ ಕೂತ ಪೊರ್ಬುಗಳು. 'ಸ್‌ಸ್‌ಸ್' ಎಂದು ಗಾಳಿಯ ಸದ್ದು. ಅದು ನಿಂತ ಮೇಲೆ ಸ್ಪಿರಿಟಿನ ವಾಸನೆ. ಆಮೇಲೆ ಪೊರ್ಬುಗಳು ಬೆರಳುದ್ದದ ಸೂಜಿಯೊಂದನ್ನು ಬೆಳಕಿಗೆ ಹಿಡಿದು, ಹತ್ತಿಯಲ್ಲಿ ಒರೆಸಿದರು.

ಅವಳು ಎದೆಗೆ ಕೈ ಇಟ್ಟುಕೊಂಡು ಒಲಿಂಡಾಳನ್ನು ಬೇಲಿಯ ಬಳಿಗೆ ಕರೆದಳು. "ಬಾಯಮ್ಮ, ನನ್ನತ್ರ ಮುಚ್ಚಬೇಡಿ. ಪೊರ್ಬುಗಳಿಗೆ ಎಂತ?"

ಒಲಿಂಡಾಳ ಕಣ್ಣುಗಳಿಂದ ಟರ್ಪೆಂಟೈನ್ ಹೊಗೆಗೆ ಧಾರಾಕಾರ ನೀರು ಇಳಿಯುತ್ತಿತ್ತು. ಆಣೆ ನೆನಪಾಗಿ ಅವಳು ಮುಖ ತಿರುಗಿಸಿದಳು. "ಎಂತ ಇಲ್ಲ ವಾರಿಜಕ್ಕ. ಇಪ್ಪತ್ತನೇ ತಾರೀಕಿಗೆ ಎಲ್ಲ ಮುಗೀತದೆ."

"ಅಯ್ಯೋ ದೇವರೇ! ತಾರೀಕೂ ಹೇಳಿದ್ದಾರಾ?"

"ಅವರೇ ಹೇಳಿದ್ದು."

ಅಲ್ಲಿಗೂ ವಾರಿಜಾಕ್ಷಿ ಗಂಡನ ಹತ್ತಿರ ಹೇಳಲಿಲ್ಲ. ಅವಳದು ಹಗುರ ಬಾಯಿಯಲ್ಲ, ಪೂರ್ತಿ ಸಾಕ್ಷಿ ಬೇಕು. ಸಾಕ್ಷಿ ಗುರುವಾರ ಸಿಕ್ಕಿತು.

ಬುಧವಾರ ಸಂಜೆ ಬರ್ಬೋಜರು ಹಡಗಿನ ಕೆಳಭಾಗಕ್ಕೆ ಕೆಂಪು ಬಿಡುತ್ತಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ಕೆಲಸ ಕೈಹತ್ತಿತ್ತು. ಮೊದಲ ವಾರ ಬಣ್ಣ ಬೊಟ್ಟುಬೊಟ್ಟಾಗಿ ಸಿಡಿದು, ಹಡಗಿಗೆ ಸಿಡುಬು ಎದ್ದಂತೆ ಕಂಡಿತ್ತು. ಎಲ್ಲ ಒರೆಸಿ ಮತ್ತೆ ಆರಂಭಿಸಿದ್ದರು. ಈಗ ಕೈ ನಿಲ್ಲಿಸದೆ ಅತ್ತಿಂದಿತ್ತ ಸರಿಸುತ್ತ, ಪದರದ ಮೇಲೆ ಪದರ, ಉಗುರಿನಷ್ಟೂ ಕಲೆ ಇಲ್ಲದೆ ಬಣ್ಣ ಕೂರುತ್ತಿತ್ತು. ಇಪ್ಪತ್ತಾರು ವರ್ಷ ಬೇರೆಯವರ ಸಹಿಗಾಗಿ ಪತ್ರ ಬರೆದ ಮನುಷ್ಯನ ಕಣ್ಣೆದುರು, ತನ್ನದೇ ಕೈಯಿಂದ ಹೀಗೊಂದು ಚಂದದ ವಸ್ತು ಆಗುತ್ತಿತ್ತು. ಆ ಸಂತೋಷದಲ್ಲಿ ಎವ್ಲಿನ್‌ಳನ್ನು ಕರೆದು ತೋರಿಸಿದರು, ಒಲಿಂಡಾಳನ್ನು ಕರೆದು ತೋರಿಸಿದರು, ಬೆಕ್ಕಿಗೂ ತೋರಿಸಿದರು. ತೊಳೆಯುವ ಹದಿನೈದು ನಿಮಿಷ ಮರೆತುಹೋಯಿತು. ತಿರುಗಿ ಬಂದು ಗುಂಡಿ ಒತ್ತಿದರೆ ಗಾಳಿ ಮಾತ್ರ, ಬಣ್ಣ ಇಲ್ಲ. ತೂತು ಬಂದ್.

ಜಯ ಹೇಳಿದ್ದು ಬರೆದುಕೊಂಡಿದ್ದರು ಸರಿ, ಆದರೆ ಅವಸರಕ್ಕೆ ಬಾಯಿ ಹಾಕಿ ಜೋರಾಗಿ ಚೀಪಿದರು. ತೂತು ತೆರೆಯಿತು. ಬಟ್ಟಲಲ್ಲಿ ಉಳಿದ ಕೆಂಪು ಬಣ್ಣವೆಲ್ಲ ಅವರ ಬಾಯಿಗೆ ಬಂತು. ಕೆಮ್ಮಿ, ಕ್ಯಾಕರಿಸಿ, ಒಂದಾದ ಮೇಲೊಂದು ಮೂರು ಬಿಳಿ ಕರವಸ್ತ್ರಗಳಿಗೆ ಉಗಿದರು. ಆ ರಾತ್ರಿಯಿಡೀ ನೆನೆಸಿಟ್ಟರೂ ಎನಾಮಲ್ ಬಣ್ಣ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಬರ್ಬೋಜರ ಮನೆಯ ಬಟ್ಟೆಹಗ್ಗದ ಮೇಲೆ ಕೆಂಪು ಕಲೆಗಳ ಮೂರು ಕರವಸ್ತ್ರಗಳು ಗಾಳಿಗೆ ಹಾರುತ್ತಿದ್ದವು.

ವಾರಿಜಾಕ್ಷಿಯ ಗಂಡ ನೋಣಯ್ಯ ಸಿಟಿ ಬಸ್ಸಿನ ಕಂಡಕ್ಟರ್, ಹಂಪನಕಟ್ಟೆ–ಕದ್ರಿ ರೂಟು. ಗುರುವಾರ ಎಂಟು ಗಂಟೆಯ ಟ್ರಿಪ್ಪಿನಲ್ಲೇ ಸುದ್ದಿ ಬಸ್ಸು ಹತ್ತಿತು.

"ಬರ್ಬೋಜ ಪೊರ್ಬುಗಳಿಗೆ ಕ್ಷಯ," ಎಂದ ಅವನು ಮುಂದಿನ ಸೀಟಿನವರಿಗೆ, ಗುಟ್ಟಿನ ಸ್ವರದಲ್ಲಿ. ಕಂಡಕ್ಟರನ ಗುಟ್ಟು ಹಿಂದಿನ ಬಾಗಿಲಿನ ತನಕ ಕೇಳುತ್ತದೆ. "ರಕ್ತ ಕಾರ್ತಾರೆ. ಆಸ್ಪತ್ರೆಯಲ್ಲಿ ಸಿಲಿಂಡರ್ ಉಂಟಲ್ಲ, ಅದರ ಬದಲಿಗೆ ಮನೆಯಲ್ಲಿ ಕಾರಿನ ಚಕ್ರ ಇಟ್ಟು ಗಾಳಿ ತೆಗೊಳ್ಳುದು. ಇಂಜಕ್ಷನ್ ಅವರೇ ಚುಚ್ಚಿಕೊಳ್ತಾರೆ. ಅಷ್ಟು ಉದ್ದದ ಸೂಜಿ! ಹೋಲ್ಡಾನ್, ರೈಟ್!"

"ಚಕ್ರ ನಾನೂ ನೋಡಿದ್ದೇನೆ," ಎಂದರು ಒಬ್ಬರು. "ಎರಡು ಚಕ್ರ ಅಂತೆ," ಎಂದರು ಮುಂದಿನ ನಿಲ್ದಾಣದಲ್ಲಿ ಹತ್ತಿದವರು. ಬಸ್ಸು ಕದ್ರಿ ಏರು ಹತ್ತುವಷ್ಟರಲ್ಲಿ ಬರ್ಬೋಜರ ಒಂದು ಶ್ವಾಸಕೋಶ ಪೂರ್ತಿ ಹೋಗಿತ್ತು, ಕೊನೆಯ ನಿಲ್ದಾಣದಲ್ಲಿ ಎರಡನೆಯದು ಅರ್ಧ ಉಳಿದಿತ್ತು. ಆ ಕೊನೆಯ ನಿಲ್ದಾಣದಲ್ಲಿ ಇಳಿದವರಲ್ಲಿ, ಮೀನಿನ ಚೀಲ ಹಿಡಿದ ಆಂಬ್ರೋಸ್ ರೇಗೊ ಕೂಡ ಇದ್ದರು.

ಶುಕ್ರವಾರದಿಂದ ಊರು ಬರ್ಬೋಜರನ್ನು ಬಹಳ ಪ್ರೀತಿಯಿಂದ, ದೂರದಿಂದ ನೋಡತೊಡಗಿತು. ಕಚೇರಿಯಲ್ಲಿ ಎಂಟು ವರ್ಷದಿಂದ ಕೇಳಿಕೊಂಡರೂ ಸಿಗದ ಕಿಟಕಿ ಪಕ್ಕದ ಜಾಗ ಅವರಿಗೆ ಕೇಳದೆಯೇ ಸಿಕ್ಕಿತು. ಸುತ್ತಲಿನ ಮೂರು ಮೇಜುಗಳು ತಾವಾಗಿ ಸರಿದು ಹೋಗಿದ್ದವು. ಕಮರುದ್ದೀನ್ ಚಕ್ರಕ್ಕೆ ಗಾಳಿ ಹಾಕುವಾಗ, "ಇದು ಬೆಳಗ್ಗಿನ ಗಾಳಿ ಪೊರ್ಬುಳೇ, ನಿಮಗೆ ಅಂತ ಹಿಡಿದು ಇಟ್ಟದ್ದು," ಎಂದ. ಲೋಕ ಎಷ್ಟು ಒಳ್ಳೆಯದಾಗುತ್ತಿದೆ ಎಂದು ಬರ್ಬೋಜರು ಮನೆಯಲ್ಲಿ ಹೇಳಿ ಸಂತೋಷಪಟ್ಟರು.

ಶನಿವಾರ ಸಂಜೆ ಇಗರ್ಜಿಯ ಪಾದ್ರಿಗಳೇ ಮನೆಗೆ ಬಂದರು. ಅವರ ನಿಲುವಂಗಿಯ ಜೇಬಿನಲ್ಲಿ, ಮರಣಾವಸ್ಥೆಯಲ್ಲಿರುವವರಿಗೆ ಹಚ್ಚುವ ಪವಿತ್ರ ಎಣ್ಣೆಯ ಚಿಕ್ಕ ಸೀಸೆ ಇತ್ತು. ಅದನ್ನು ಹೊರಗೆ ತೆಗೆಯದೆ ಮೃದುವಾಗಿ ಕೇಳಿದರು. "ಸೈಮನ್, ಪಾಪನಿವೇದನೆ ಮಾಡಿ ಎಷ್ಟು ದಿನ ಆಯ್ತು? ಮನಸ್ಸಿನಲ್ಲಿ ಏನಾದರೂ ಭಾರ ಉಂಟಾ?"

ಬರ್ಬೋಜರ ಮುಖ ಬಿಳುಚಿತು. ದೇವರಿಗೆ ಗೊತ್ತಿದ್ದದ್ದು ಪಾದ್ರಿಗಳಿಗೆ ಗೊತ್ತಾಗಲು ಎಷ್ಟು ಹೊತ್ತು? ಅವರು ಮೊಣಕಾಲೂರಿಬಿಟ್ಟರು. "ಉಂಟು ಪದ್ರಾಬ್. ಹಡಗು ನಾನು ಮಾಡಿದ್ದು ಅಂತ ಸುಳ್ಳು ಹೇಳಿದೆ."

"ಯಾವ ಹಡಗು ಮಗಾ?"

"ಒಳಕೋಣೆಯಲ್ಲಿ ಉಂಟಲ್ಲ, ಅದೇ. ಕೆಳಗೆ ಕೆಂಪು ಆಯ್ತು, ಮೇಲೆ ಕಪ್ಪು ಆಯ್ತು. ಹಳದಿ ಪಟ್ಟಿ ಒಂದು ಬಾಕಿ. ಅದು ಆದರೆ ಎಲ್ಲ ಮುಗೀತು."

ಪಾದ್ರಿಗಳು ಕಣ್ಣು ಮುಚ್ಚಿದರು. ನಲವತ್ತು ವರ್ಷದ ಸೇವೆಯಲ್ಲಿ ಅವರು ಬಹಳ ಜನರ ಹಾಸಿಗೆಯ ಪಕ್ಕ ಕೂತಿದ್ದರು. ಹೋಗುವ ಕಾಲ ಹತ್ತಿರವಾದವರಿಗೆ ದೋಣಿ, ಹಡಗು ಕಾಣುವುದುಂಟು. ಆದರೆ ಬಣ್ಣಗಳ ಸಮೇತ ಇಷ್ಟು ಸ್ಪಷ್ಟವಾಗಿ ಕಂಡವರು ಇವರೊಬ್ಬರೇ. "ಹೆದರಬೇಡ ಸೈಮನ್. ಆ ಹಡಗು ಎಲ್ಲರನ್ನೂ ಒಳ್ಳೆ ಊರಿಗೇ ಮುಟ್ಟಿಸ್ತದೆ," ಎಂದು ತಲೆ ನೇವರಿಸಿ ಹೊರಟರು. ಇನ್ನೆರಡು ದಿನಗಳೊಳಗೆ ಎಣ್ಣೆ ಬೇಕಾದೀತು ಎಂದು ತೀರ್ಮಾನಿಸಿದ್ದರು.

ಇಪ್ಪತ್ತನೇ ತಾರೀಕು ಸೋಮವಾರ ಬಂತು. ಬರ್ಬೋಜರು ರಜೆ ಹಾಕಿದ್ದರು. ಹೊಗೆಕೊಳವೆಯ ಸುತ್ತ ಹಳದಿ ಪಟ್ಟಿ ಬಿಟ್ಟು ಉಳಿದೆಲ್ಲ ಮುಗಿದಿತ್ತು. ಪಟ್ಟಿಯ ಮೇಲೆ ಕೆಳಗೆ ಕಾಗದ ಅಂಟಿಸಿ, ಬಣ್ಣ ಕಲಸಿ ಬಟ್ಟಲಿಗೆ ಹಾಕಿ, ಚಕ್ರ ಪಕ್ಕದಲ್ಲಿಟ್ಟು ಕೂರುವಷ್ಟರಲ್ಲಿ ಆಂಬ್ರೋಸರು ಒಂದು ಗಂಟೆ ಮುಂಚೆಯೇ ಬಂದುಬಿಟ್ಟರು. ಒಬ್ಬರೇ ಬಂದಿದ್ದರು. ಹಣ್ಣಿಲ್ಲ, ಹೂವಿಲ್ಲ, ಹೆಂಗಸರಿಲ್ಲ. ಒಳಗೆ ಕರೆದರೆ ಬರದೆ, ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕೂತರು. ಎವ್ಲಿನ್ ಎರಡು ಲೋಟ ಕಾಫಿ ತಂದಿಟ್ಟಳು. ಬರ್ಬೋಜರು ತಮ್ಮದನ್ನು ಅರ್ಧ ಕುಡಿದಿಟ್ಟರು. ಆಂಬ್ರೋಸರು ತಮ್ಮ ಲೋಟವನ್ನು ಮುಟ್ಟಲೂ ಇಲ್ಲ.

"ಸೈಮನಾಬ್," ಎಂದರು ಅವರು ನೆಲ ನೋಡುತ್ತ, "ನನಗೆ ಬಾಯಿಬಿಟ್ಟು ಹೇಳ್ಲಿಕ್ಕೆ ಕಷ್ಟ ಆಗ್ತದೆ. ಈ ಸಂಬಂಧ ಬೇಡ ಅಂತ. ಹುಡುಗಿ ಬಂಗಾರದಂಥವಳು. ಆದರೆ ಮನೆಯಲ್ಲಿ ಈ ಕಾಯಿಲೆ ಇರುವಾಗ..."

"ಯಾವ ಕಾಯಿಲೆ?"

"ಮುಚ್ಚುದು ಬೇಡ. ಕದ್ರಿಗೆಲ್ಲ ಗೊತ್ತುಂಟು. ಎದೆಯದ್ದು."

ಒಲಿಂಡಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಎವ್ಲಿನ್ ಅಲ್ಲೇ ನಿಂತಿದ್ದಳು. ಅವಳು ಖಾಲಿ ತಟ್ಟೆಯನ್ನು ಎದೆಗೆ ಅವುಚಿಕೊಂಡದ್ದನ್ನು ಬರ್ಬೋಜರು ನೋಡಿದರು. ಅದನ್ನು ನೋಡಿ ಅವರಿಗೆ ನಿಜಕ್ಕೂ ಉಸಿರು ಸಿಕ್ಕಿಕೊಂಡಿತು. ಬಾಯಿ ತೆರೆದರು, ಮಾತು ಬರಲಿಲ್ಲ.

ಬೇಲಿಯ ಆಚೆ ಕಾವಲಿದ್ದ ವಾರಿಜಾಕ್ಷಿಗೆ ಅಷ್ಟೇ ಸಾಕಾಯಿತು. "ಅಟ್ಯಾಕ್ ಬಂತು! ನೋಣಯ್ಯರೇ, ಪದ್ರಾಬರನ್ನು ಕರೀರಿ! ಗಾಳಿ ಕೊಡಿ ಗಾಳಿ!" ಎಂದು ಕೂಗುತ್ತ ಬೇಲಿ ದಾಟಿ ಬಂದು, ಒಳಕೋಣೆಗೆ ನುಗ್ಗಿ ಚಕ್ರವನ್ನು ಚಾವಡಿಗೆ ಉರುಳಿಸಿ, ರಬ್ಬರ್ ಪೈಪನ್ನು ಬರ್ಬೋಜರ ಮೂಗಿಗೆ ಹಿಡಿದು ನಲ್ಲಿ ಪೂರ್ತಿ ತಿರುಗಿಸಿದಳು. ಅರ್ಧ ಗಂಟೆಯ ಗಾಳಿ ಒಂದೇ ಸಲಕ್ಕೆ ಬಂತು. ಬರ್ಬೋಜರ ಕೂದಲು ನೆಟ್ಟಗಾಯಿತು, ಕಣ್ಣು ಅಗಲವಾಯಿತು, ಗೋಡೆಯ ಕ್ಯಾಲೆಂಡರು ಹಾರಿ ಡಿಸೆಂಬರಿಗೆ ಹೋಯಿತು. "ತೆಗೊಳ್ಳಿ ಪೊರ್ಬುಳೇ, ಒಳಗೆ ತೆಗೊಳ್ಳಿ!" ಎಂದು ಅವಳು ಬೆನ್ನು ತಟ್ಟುತ್ತಲೇ ಇದ್ದಳು. ಕೊನೆಗೆ ಚಕ್ರ 'ಫುಸ್' ಎಂದು ಖಾಲಿಯಾಯಿತು.

ಆಗ ಬರ್ಬೋಜರಿಗೆ ಮಾತು ಬಂತು. "ಅದು ಹಡಗಿನ ಗಾಳಿ ಮಾರಾಯ್ತಿ!" ಎಂದು ಅವರು ಮನೆ ಅದುರುವಂತೆ ಕಿರುಚಿದರು.

ಒಳಗೆ ಓಡಿ ಹಡಗನ್ನೂ ಏರ್‌ಬ್ರಷ್ಷನ್ನೂ ತಂದು ಮೇಜಿನ ಮೇಲಿಟ್ಟರು. ಚಕ್ರ ಯಾಕೆ, ಸೂಜಿ ಯಾಕೆ, ಬಟ್ಟೆ ಯಾಕೆ, ಕೆಂಪು ಕರವಸ್ತ್ರ ಯಾಕೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಅಷ್ಟರಲ್ಲಿ ನೋಣಯ್ಯ ಪಾದ್ರಿಗಳನ್ನು ಕರೆತಂದಿದ್ದ. ಅವರು ಹಡಗನ್ನು ನೋಡಿ, "ಓ, ಇದಾ ಆ ಹಡಗು!" ಎಂದು ಕುರ್ಚಿಗೆ ಕುಸಿದರು.

ಆದರೆ ಆಂಬ್ರೋಸರು ಮೀಸೆ ಸವರುತ್ತ ತಲೆ ಅಲ್ಲಾಡಿಸಿದರು. "ಚಂದ ಉಂಟು. ಆದರೆ ಸ್ಟುಡಿಯೊದಲ್ಲಿ ಹಾಕಿಸಿ ತಂದದ್ದೂ ಆಗಬಹುದಲ್ಲ ಸೈಮನಾಬ್? ಕಾಯಿಲೆ ಮುಚ್ಚಲಿಕ್ಕೆ ಜನ ಎಂತೆಂತದೋ ಹೇಳ್ತಾರೆ. ಈ ಒಂದು ಪಟ್ಟಿ ನನ್ನ ಎದುರು ಹಾಕಿ ನೋಡುವ."

"ಹಾಕ್ತೇನೆ. ಗಾಳಿ..." ಬರ್ಬೋಜರು ಸೊರಗಿ ಬಿದ್ದ ಚಕ್ರವನ್ನು ನೋಡಿದರು. ಹಂಪನಕಟ್ಟೆಗೆ ಹೋಗಿ ಬರಲು ಮುಕ್ಕಾಲು ಗಂಟೆ. ಆಂಬ್ರೋಸರು ಆಗಲೇ ಕೊಡೆ ಕೈಗೆ ತೆಗೆದುಕೊಂಡಿದ್ದರು. ಕಾಯಿಲೆ ಇಲ್ಲವೆಂದು ನಾಳೆ ಡಾಕ್ಟರು ಬರೆದುಕೊಟ್ಟರೂ, ಇವತ್ತು ಬಾಗಿಲು ದಾಟಿದ ಸಂಬಂಧ ತಿರುಗಿ ಬರುವುದಿಲ್ಲ ಎಂದು ಬರ್ಬೋಜರಿಗೆ ಗೊತ್ತಿತ್ತು. ಅವರು ಮಗಳ ಮುಖ ಇನ್ನೊಮ್ಮೆ ನೋಡಿದರು. ಚಕ್ರದಿಂದ ಪೈಪನ್ನು ಕಿತ್ತರು, ತುದಿಯನ್ನು ಹಲ್ಲಿನಲ್ಲಿ ಕಚ್ಚಿದರು, ಎದೆತುಂಬ ಉಸಿರು ಎಳೆದು ಊದಿದರು.

ಮೊದಲು ಏನೂ ಬರಲಿಲ್ಲ. ಇನ್ನಷ್ಟು ಊದಿದರು. ಕೆನ್ನೆ ಉಬ್ಬಿತು, ಕುತ್ತಿಗೆಯ ನರ ಎದ್ದಿತು, ಕೋಟಿನ ಗುಂಡಿಯೊಂದು ಕಿತ್ತು ನೋಣಯ್ಯನ ಕಾಲಬುಡಕ್ಕೆ ಹಾರಿತು. ಏರ್‌ಬ್ರಷ್ಷಿನ ಬಾಯಿಯಿಂದ ಹೊಗೆಯಷ್ಟು ತೆಳ್ಳಗೆ ಹಳದಿ ಹೊರಟಿತು. ಬರ್ಬೋಜರು ಮೂಗಿನಲ್ಲಿ ಎಳೆದರು, ಬಾಯಲ್ಲಿ ಊದಿದರು, ಮತ್ತೆ ಎಳೆದರು, ಮತ್ತೆ ಊದಿದರು. ಕೈ ಮಾತ್ರ ಒಂದಿಷ್ಟೂ ಅಲುಗದೆ ಹೊಗೆಕೊಳವೆಯ ಸುತ್ತ ತಿರುಗುತ್ತಿತ್ತು. ವಾರಿಜಾಕ್ಷಿ ಬೆರಳು ಮಡಿಸುತ್ತ ಉಸಿರು ಎಣಿಸುತ್ತಿದ್ದಳು. ಎರಡು ಕೈಯ ಬೆರಳು ಮುಗಿದು ಅವಳು ಗಂಡನ ಬೆರಳುಗಳನ್ನು ಹಿಡಿದು ಎಣಿಸತೊಡಗಿದಳು. ಮೂವತ್ತೇಳನೆಯ ಉಸಿರಿಗೆ ಬಟ್ಟಲು ಖಾಲಿಯಾಯಿತು. ಬರ್ಬೋಜರು ಪೈಪು ಬಿಟ್ಟು, ಮೆಲ್ಲಗೆ ಕಾಗದ ಬಿಡಿಸಿದರು. ಹಳದಿ ಪಟ್ಟಿ ಗೆರೆ ಎಳೆದ ಹಾಗೆ ನಿಂತಿತ್ತು.

"ಇಪ್ಪತ್ತು ವರ್ಷ ಎದೆ ನೋಡಿದವಳು ನಾನು," ಎಂದಳು ವಾರಿಜಾಕ್ಷಿ, ಕಿಂಚಿತ್ತೂ ನಾಚಿಕೆ ಇಲ್ಲದೆ. "ಕಾಯಿಲೆ ಅಂತ ಹೇಳಿದವರು ಯಾರು? ಇದು ಕಮ್ಮಾರನ ತಿದಿ." ನೋಣಯ್ಯ ಹೌದೆಂದು ತಲೆಯಾಡಿಸಿದ. ಪಾದ್ರಿಗಳು ಜೇಬಿನ ಸೀಸೆಯ ಬಿರಡೆಯನ್ನು ಇನ್ನೊಮ್ಮೆ ಬಿಗಿ ಮಾಡಿಕೊಂಡರು.

ಬರ್ಬೋಜರಿಗೆ ಅದೊಂದೂ ಕೇಳಿಸಲಿಲ್ಲ. ತುಟಿಯೆಲ್ಲ ಹಳದಿಯಾಗಿ, ಮೇಜು ಹಿಡಿದು ನಿಂತು ಆಂಬ್ರೋಸರನ್ನು ನೋಡಿದರು. "ಅಂಟಿಸಿ ಜೋಡಿಸಿದ್ದು ನಾನಲ್ಲ, ಆಂಬ್ರೋಸಾಬ್. ನನ್ನ ಭಾವಮೈದ. ಅದು ಸುಳ್ಳು ಹೇಳಿದೆ. ಬಣ್ಣ ಮಾತ್ರ ನನ್ನದು. ಬಣ್ಣ ಸರಿ ಉಂಟಾ? ನಿಮ್ಮ ಹಡಗು ಹೀಗೆಯೇ ಇತ್ತಾ?"

ಆಂಬ್ರೋಸರು ಹಡಗನ್ನು ಎರಡು ಕೈಯಲ್ಲಿ ಎತ್ತಿ ಸುತ್ತಲೂ ತಿರುಗಿಸಿ ನೋಡಿದರು. ಮೀಸೆ ಮತ್ತೆ ನಡುಗಿತು.

"ನನಗೆ ಎಂತ ಗೊತ್ತು ಮಾರಾಯ್ರೆ," ಎಂದರು ಕೊನೆಗೆ. "ನಾನು ಅಡಿಗೆಯವನು. ಇಪ್ಪತ್ತೆರಡು ವರ್ಷ ಕೆಳಗಿನ ಅಡಿಗೆಕೋಣೆಯಲ್ಲಿ ಬಟಾಟೆ ಸುಲಿದೆ, ಕ್ಯಾಪ್ಟನನಿಗೆ ಕಾಫಿ ಮಾಡಿದೆ. ಹೊರಗಿನಿಂದ ಹಡಗು ಹೇಗೆ ಉಂಟು ಅಂತ ಸರಿಯಾಗಿ ನೋಡಲೇ ಇಲ್ಲ. ಊರಿಗೆ ಬಂದು ಯಾರಾದರೂ ಕೇಳಿದರೆ ಒಂದು ಬಣ್ಣ ಹೇಳ್ತಿದ್ದೆ." ಅವರು ಹಡಗನ್ನು ಮಡಿಲಲ್ಲಿ ಇಟ್ಟುಕೊಂಡರು. "ಇಷ್ಟು ಚಂದ ಇತ್ತು ಅಂತ ಇವತ್ತು ಗೊತ್ತಾಯ್ತು."

ಎವ್ಲಿನ್ ಮುಂದೆ ಬಂದು, ಆಂಬ್ರೋಸರು ಮುಟ್ಟದೆ ಬಿಟ್ಟ ಕಾಫಿಲೋಟವನ್ನು ತಟ್ಟೆಗೆ ಎತ್ತಿಕೊಂಡಳು. "ಇದು ತಣ್ಣಗಾಯ್ತು ಅಂಕಲ್. ಬೇರೆ ಮಾಡಿ ತರ್ತೇನೆ," ಎಂದಳು.

"ಬೇಡ ಮಗಾ," ಎಂದರು ಆಂಬ್ರೋಸರು. ಕೈ ಚಾಚಿ, ಮೇಜಿನ ಮೇಲಿದ್ದ ಬರ್ಬೋಜರ ಲೋಟವನ್ನು, ಅವರು ಅರ್ಧ ಕುಡಿದಿಟ್ಟಿದ್ದನ್ನೇ, ತೆಗೆದುಕೊಂಡರು. ಎಲ್ಲರೂ ನೋಡುತ್ತಿದ್ದಂತೆ ಅದಕ್ಕೆ ತುಟಿ ಹಚ್ಚಿ, ಕೊನೆಯ ಗುಟುಕಿನ ತನಕ ಕುಡಿದು ಲೋಟ ಕೆಳಗಿಟ್ಟರು.

"ಸಕ್ಕರೆ ಸ್ವಲ್ಪ ಕಮ್ಮಿ," ಎಂದರು ಮೀಸೆ ಒರೆಸಿಕೊಳ್ಳುತ್ತ. "ನಮ್ಮ ಮನೆಗೆ ಬಂದ ಮೇಲೆ ನಾನು ಹೇಳಿಕೊಡ್ತೇನೆ."